‘ಮಿಲಿ’ಯ ಕಾಯಿಲೆಯ ಹೆಸರು ನನ್ನ ವರದಿಯಲ್ಲಿದೆ, ನಾನು ಮದುವೆಯಾಗಬಹುದೆ?

ಪ್ರಶ್ನೆ: ನನಗೆ 27 ವರ್ಷ, ಊರು ದಾವಣಗೆರೆ. ಮದುವೆ ನಿಶ್ಚಯವಾಗಿದೆ, ಇನ್ನು ನಾಲ್ಕು ತಿಂಗಳಿದೆ. ಎಂಟು ತಿಂಗಳಿಂದ ವಿಪರೀತ ಸುಸ್ತು, ನಾಲಿಗೆ ಉರಿ, ಅಂಗಾಲು ಜುಮ್ಮೆನ್ನುವುದು ಇತ್ತು. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮುಗಿದ ಮೇಲೆ ವೈದ್ಯರು ‘ಪರ್ನಿಶಿಯಸ್ ಅನೀಮಿಯಾ’ ಎಂದು ಬರೆದು, ಬಿ12 ಚುಚ್ಚುಮದ್ದು ಶುರು ಮಾಡಬೇಕು ಎಂದರು. ಅದನ್ನು ಓದಿದ ಅಪ್ಪ ಕುಸಿದು ಕುಳಿತರು. ಹೈಸ್ಕೂಲಿನಲ್ಲಿದ್ದಾಗ ಅವರು ನೋಡಿದ ‘ಮಿಲಿ’ ಎಂಬ ಹಿಂದಿ ಚಿತ್ರದ ನಾಯಕಿಗೆ ಇದೇ ಕಾಯಿಲೆಯಂತೆ. ಅಂದಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಬರೀ ವಿಟಮಿನ್ ಸೂಜಿಯಿಂದ ಇಂಥ ಕಾಯಿಲೆ ಹೋಗುತ್ತದೆಯೇ, ದೊಡ್ಡ ಊರಿಗೆ ಹೋಗೋಣ, ಅಲ್ಲಿಯವರೆಗೆ ಏನೂ ಬೇಡ ಎನ್ನುತ್ತಾರೆ. ಹುಡುಗನ ಮನೆಯವರಿಗೆ ಬಾಯಿ ಬಿಡಬೇಡ ಎಂದೂ ಹೇಳಿದ್ದಾರೆ. ನಾನು ಬದುಕುತ್ತೇನೆಯೇ? ಮದುವೆಯಾಗಬಹುದೆ? ಅವರಿಗೆ ಹೇಳಬೇಕೆ?

ಉತ್ತರ: ನೀವು ಕೇಳಲು ಕಾಯುತ್ತಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆ ಪಡೆದರೆ ಈ ಕಾಯಿಲೆ ನಿಮ್ಮನ್ನು ಕೊಲ್ಲುವುದಿಲ್ಲ. ವೈದ್ಯರು ಬರೆದುಕೊಟ್ಟ ಚುಚ್ಚುಮದ್ದನ್ನು ನಾಳೆ ಬೆಳಿಗ್ಗೆಯೇ ಶುರು ಮಾಡಿ. ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು, ಮೊಮ್ಮಕ್ಕಳನ್ನು ಎತ್ತಿ ಆಡಿಸಬಹುದು. ಚುಚ್ಚುಮದ್ದನ್ನು ಮಾತ್ರ ಬಿಡಬಾರದು. ಉಳಿದದ್ದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಕಾಯಿಲೆಗಿಂತ ದೊಡ್ಡದಾಗಿ ಕಾಣುತ್ತಿರುವುದು ನಿಮ್ಮ ತಂದೆಯವರ ಭಯ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಐವತ್ತು ವರ್ಷದ ಹಿಂದಿನ ಸಿನಿಮಾ ಒಂದು ಮನೆಯ ಊಟ ಕೆಡಿಸಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ರಕ್ತರೋಗಗಳ ವೈದ್ಯನಾದ ನಾನು ಕಾಯಿಲೆಯ ಹೆಸರು ಹೇಳಿದ ಮರುಕ್ಷಣವೇ ಎದುರಿಗಿದ್ದವರ ಮುಖದಲ್ಲಿ ಯಾವುದೋ ಸಿನಿಮಾದ ಕೊನೆಯ ದೃಶ್ಯ ಹಾದುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ರಕ್ತದ ಕಾಯಿಲೆ ಎಂದರೆ ನಮ್ಮ ಜನರಿಗೆ ನೆನಪಾಗುವುದು ಪ್ರೇಮಕಥೆ, ಬಿಳಿ ಸೀರೆ, ಕಿಟಕಿಯ ಪಕ್ಕದ ಮಂಚ. ಆ ನೆನಪನ್ನು ತಳ್ಳಿಹಾಕಿ ಮಾತು ಮುಂದುವರಿಸಿದರೆ ಅವರು ಕೇಳಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಸಿನಿಮಾದಿಂದಲೇ ಶುರು ಮಾಡುತ್ತೇನೆ.

‘ಮಿಲಿ’ ಹೃಷಿಕೇಶ್ ಮುಖರ್ಜಿಯವರ ಚಿತ್ರ, 1975ರ ಜೂನ್‌ನಲ್ಲಿ ತೆರೆಕಂಡಿತು. ಇಡೀ ಕಟ್ಟಡದ ಮಕ್ಕಳನ್ನು ಕಟ್ಟಿಕೊಂಡು ನಗುನಗುತ್ತ ಓಡಾಡುವ ಮಿಲಿಯಾಗಿ ಜಯಾ ಭಾದುರಿ. ಅದೇ ಕಟ್ಟಡಕ್ಕೆ ವಾಸಕ್ಕೆ ಬರುವ, ತಂದೆ ತಾಯಿಯ ದುರಂತದ ಕಳಂಕ ಹೊತ್ತು ಕುಡಿತದಲ್ಲಿ ಮುಳುಗಿದ ಶೇಖರನಾಗಿ ಅಮಿತಾಭ್ ಬಚ್ಚನ್. ಅವಳು ಅವನನ್ನು ಬೆಳಕಿಗೆ ಎಳೆದು ತರುತ್ತಾಳೆ. ಅವನು ಬದುಕಲು ಕಲಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿಯುತ್ತಾಳೆ. ಕಾಯಿಲೆ ಗೊತ್ತಾದ ಮೇಲೂ ಅವನು ಅವಳನ್ನು ಮದುವೆಯಾಗಿ ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿಗೆ ಕರೆದೊಯ್ಯಲು ಮುಂದಾಗುತ್ತಾನೆ. ವಿಮಾನ ಮೇಲೇರುತ್ತದೆ. ಅವಳು ಬದುಕಿದಳೇ ಇಲ್ಲವೇ ಎಂದು ಚಿತ್ರ ಹೇಳುವುದಿಲ್ಲ. ಅದಕ್ಕೆ ಸಂಗೀತ ಕೊಟ್ಟ ಸಚಿನ್ ದೇವ್ ಬರ್ಮನ್ ಅದೇ ವರ್ಷದ ಅಕ್ಟೋಬರ್ 31ರಂದು ತೀರಿಕೊಂಡರು. ಚಿತ್ರದ ಹಾಡುಗಳನ್ನು ಕೇಳುವಾಗ ಆ ಸಂಗತಿಯೂ ಜೊತೆಗೇ ಬರುತ್ತದೆ. ನಾನು ಈ ಚಿತ್ರವನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಕಣ್ಣು ಒದ್ದೆಯಾಗಿದೆ. ನಿಮ್ಮ ತಂದೆಯವರನ್ನು ಹೈಸ್ಕೂಲು ವಯಸ್ಸಿನಲ್ಲಿ ಅದು ಎಷ್ಟು ಆಳಕ್ಕೆ ತಟ್ಟಿರಬೇಕೆಂದು ಊಹಿಸಬಲ್ಲೆ.

ಆದರೆ ಮಿಲಿಯ ಕಾಯಿಲೆಗೆ ಆ ಚಿತ್ರದಲ್ಲಿ ಇಟ್ಟ ಹೆಸರು ತಪ್ಪು. ಪರ್ನಿಶಿಯಸ್ ಅನೀಮಿಯಾಕ್ಕೆ ಚಿತ್ರ ತೆರೆಕಾಣುವ ಹೊತ್ತಿಗೆ ಮದ್ದು ಸಿಕ್ಕಿ ಅರ್ಧ ಶತಮಾನವೇ ಆಗುತ್ತ ಬಂದಿತ್ತು. ನಿಜಕ್ಕೂ ಅವಳಿಗೆ ಆ ಕಾಯಿಲೆ ಇದ್ದಿದ್ದರೆ ವಿಮಾನ ಹತ್ತಬೇಕಾಗಿಯೇ ಇರಲಿಲ್ಲ. ಮನೆಯ ಹತ್ತಿರದ ವೈದ್ಯರೇ ಬಿ12 ಸೂಜಿ ಚುಚ್ಚಿ ಕಳಿಸುತ್ತಿದ್ದರು, ಎರಡು ತಿಂಗಳಲ್ಲಿ ಅವಳು ಮತ್ತೆ ಮಕ್ಕಳ ಜೊತೆ ಗಲಾಟೆ ಮಾಡುತ್ತಿದ್ದಳು.

ಇಷ್ಟು ಸಾಧುವಾದ ಕಾಯಿಲೆಗೆ ಅಷ್ಟು ಕ್ರೂರ ಹೆಸರು ಏಕೆ ಬಂತು? ‘ಪರ್ನಿಶಿಯಸ್’ ಎಂದರೆ ಮಾರಕ, ಪ್ರಾಣಾಂತಕ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1849ರಲ್ಲಿ ಇಂಥ ರೋಗಿಗಳನ್ನು ಕುರಿತು ಮೊದಲು ಹೇಳಿದ. 1872ರಲ್ಲಿ ಆಂಟನ್ ಬೀರ್ಮರ್ ಎಂಬ ವೈದ್ಯ ಈ ಹೆಸರಿಟ್ಟ. ಅವನು ಪ್ರಾಧ್ಯಾಪಕನಾಗಿದ್ದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ; ಸಿನಿಮಾದ ವಿಮಾನ ಹೊರಟದ್ದೂ ಅದೇ ದೇಶಕ್ಕೆ. ಬೀರ್ಮರ್ ಸುಳ್ಳು ಹೇಳಲಿಲ್ಲ. ಅವನ ಕಾಲದಲ್ಲಿ ಈ ರೋಗ ಹಿಡಿದವರು ಬಿಳಿಚಿಕೊಂಡು, ಮೈಬಣ್ಣ ಮಾಗಿದ ನಿಂಬೆಯ ಹಾಗಾಗಿ, ಒಂದೆರಡು ವರ್ಷಗಳಲ್ಲಿ ಸಾಯುತ್ತಿದ್ದರು. ಮದ್ದು ಬಂದು ಕಾಯಿಲೆ ಹಲ್ಲು ಕಿತ್ತ ಹಾವಿನಂತಾದರೂ ಹಳೆಯ ಹೆಸರನ್ನು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ನನ್ನ ಕೈಯಲ್ಲಿದ್ದರೆ ಈ ಹೆಸರನ್ನು ವರದಿಗಳಿಂದ ಅಳಿಸಿಹಾಕುತ್ತಿದ್ದೆ. ಒಂದು ಪದ ಎಷ್ಟು ಜನರ ನಿದ್ದೆ ಕೆಡಿಸುತ್ತದೆ ಎನ್ನುವುದಕ್ಕೆ ನಿಮ್ಮ ಮನೆಯೇ ಸಾಕ್ಷಿ.

ಮದ್ದಿನ ಕಥೆಯನ್ನೂ ನಿಮ್ಮ ತಂದೆಯವರಿಗೆ ಹೇಳಬೇಕು. ‘ಬರೀ ವಿಟಮಿನ್’ ಎಂಬ ಅವರ ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. 1926ರಲ್ಲಿ ಅಮೆರಿಕದ ಬಾಸ್ಟನ್ನಿನ ಜಾರ್ಜ್ ಮೈನೋ ಮತ್ತು ವಿಲಿಯಂ ಮರ್ಫಿ ಎಂಬ ವೈದ್ಯರು 45 ರೋಗಿಗಳಿಗೆ ದಿನಾಲೂ 120ರಿಂದ 240 ಗ್ರಾಂನಷ್ಟು ಯಕೃತ್ತು, ಅಂದರೆ ನಮ್ಮ ಮಾತಿನಲ್ಲಿ ಈಲಿ, ತಿನ್ನಿಸಿದರು. ಸಾವಿಗೆ ಕಾದಿದ್ದವರು ಎರಡು ವಾರಗಳಲ್ಲಿ ಎದ್ದು ಕುಳಿತರು. ಮೈನೋ ಸ್ವತಃ ಮಧುಮೇಹಿ. ಕೆಲವೇ ವರ್ಷಗಳ ಹಿಂದೆ ಇನ್ಸುಲಿನ್ ಬಂದಿರದಿದ್ದರೆ ಈ ಕೆಲಸ ಮಾಡಲು ಅವನೇ ಉಳಿದಿರುತ್ತಿರಲಿಲ್ಲ. ಒಂದು ಮದ್ದು ಬದುಕಿಸಿದ ಮನುಷ್ಯ ಇನ್ನೊಂದು ಮದ್ದನ್ನು ಹುಡುಕಿದ. ನಾಯಿಗಳ ಮೇಲೆ ಪ್ರಯೋಗ ಮಾಡಿ ಈ ದಾರಿ ತೋರಿಸಿದ್ದ ಜಾರ್ಜ್ ವಿಪಲ್ ಜೊತೆಗೆ ಆ ಇಬ್ಬರಿಗೂ 1934ರಲ್ಲಿ ನೊಬೆಲ್ ಬಂತು.

ಆದರೆ ಎಲ್ಲರೂ ಮಾಂಸ ತಿನ್ನುವ ನಾಡಿನಲ್ಲಿ ಈ ಕೆಲವರಿಗೆ ಮಾತ್ರ ಏಕೆ ಈ ಕೊರತೆ? ಅದೇ ಬಾಸ್ಟನ್ನಿನ ಯುವ ವೈದ್ಯ ವಿಲಿಯಂ ಕ್ಯಾಸಲ್‌ನನ್ನು ಈ ಪ್ರಶ್ನೆ ಕಾಡಿತು. ಅವನು ಮಾಡಿದ ಪ್ರಯೋಗ ಕೇಳಲು ಹೇಸಿಗೆಯೆನಿಸಬಹುದು. ತಾನೇ 300 ಗ್ರಾಂನಷ್ಟು ಅರೆಬೆಂದ ಮಾಂಸ ತಿಂದು, ಒಂದು ಗಂಟೆ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು, ಹೊರತೆಗೆದು, ಅದನ್ನು ಸಂಸ್ಕರಿಸಿ ನಳಿಕೆಯ ಮೂಲಕ ರೋಗಿಗಳಿಗೆ ಕೊಟ್ಟ. ಮಾಂಸವನ್ನು ಹಾಗೇ ತಿಂದಾಗ ಚೇತರಿಸಿಕೊಳ್ಳದಿದ್ದ ರೋಗಿಗಳ ರಕ್ತ ಈಗ ಚಿಗುರಿತು. ಆರೋಗ್ಯವಂತನ ಜಠರದಲ್ಲಿ ಏನೋ ಒಂದಿದೆ, ಈ ರೋಗಿಗಳ ಜಠರದಲ್ಲಿ ಅದು ಇಲ್ಲ ಎಂದು ಗೊತ್ತಾದದ್ದು ಹೀಗೆ. ಅದನ್ನೇ ಈಗ ‘ಇಂಟ್ರಿನ್ಸಿಕ್ ಫ್ಯಾಕ್ಟರ್’ ಎನ್ನುತ್ತೇವೆ. ಅದು ಜಠರದ ಗೋಡೆಯಿಂದ ಒಸರುವ ಒಂದು ಪ್ರೋಟೀನು. ಊಟದಲ್ಲಿ ಬಂದ ಬಿ12ನ ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಕರೆದೊಯ್ದು ಒಳಗೆ ಬಿಡುವುದು ಅದರ ಕೆಲಸ. ನಿಮ್ಮ ದೇಹದ ರಕ್ಷಣಾ ವ್ಯವಸ್ಥೆ ಯಾಕೋ ಜಠರದ ಆ ಕೋಶಗಳನ್ನೇ ಪರಕೀಯವೆಂದು ಭಾವಿಸಿ ಹಾಳುಮಾಡಿದೆ. ಆದ್ದರಿಂದ ನೀವು ಹಾಲು, ಮೊಟ್ಟೆ, ಮೀನು ಏನೇ ತಿಂದರೂ ಬಿ12 ಬಾಗಿಲವರೆಗೆ ಬಂದು ಹಿಂದಿರುಗುತ್ತದೆ. ಬೀಟ್‌ರೂಟ್, ದಾಳಿಂಬೆ, ಖರ್ಜೂರ ಎಂದು ನೆಂಟರು ಹೇಳುತ್ತಿರಬಹುದು. ಪ್ರೀತಿಯಿಂದ ಕೊಟ್ಟರೆ ತಿನ್ನಿ, ಆದರೆ ಅವುಗಳಲ್ಲಿ ಬಿ12 ಇಲ್ಲ. ಚುಚ್ಚುಮದ್ದು ಹೊಟ್ಟೆಯ ಹಾದಿಯನ್ನೇ ಬಿಟ್ಟು ನೇರವಾಗಿ ಮಾಂಸಖಂಡದ ಮೂಲಕ ರಕ್ತಕ್ಕೆ ಸೇರುತ್ತದೆ. ‘ಬರೀ ವಿಟಮಿನ್’ ಎಂದರೆ ಇದೇ. ದಿನಕ್ಕೆ ಬೇಕಾಗುವುದು ಎರಡೂವರೆ ಮೈಕ್ರೋಗ್ರಾಂಗಿಂತಲೂ ಕಡಿಮೆ, ಆದರೆ ಅಷ್ಟು ಇಲ್ಲದಿದ್ದರೆ ಮನುಷ್ಯ ಬದುಕುವುದಿಲ್ಲ.

ಈ ಕಥೆಯ ಒಂದು ಕೊಂಡಿ ಮಿಲಿಯ ಊರಾದ ಮುಂಬಯಿಯಲ್ಲೇ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದು ಬಡ ಗರ್ಭಿಣಿಯರಲ್ಲಿ, ಅದರಲ್ಲೂ ಜವಳಿ ಗಿರಣಿಗಳ ಕೂಲಿ ಕುಟುಂಬಗಳವರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಸೂಕ್ಷ್ಮದರ್ಶಕದ ಕೆಳಗೆ ಅದು ಪರ್ನಿಶಿಯಸ್ ಅನೀಮಿಯಾದಂತೆಯೇ ಕಾಣುತ್ತಿತ್ತು, ಆದರೆ ಬೇರೆಯಾಗಿತ್ತು. ಬ್ರೆಡ್ಡಿಗೆ ಸವರುವ ಅಗ್ಗದ ಯೀಸ್ಟ್ ಸಾರದಿಂದ ಆ ಹೆಂಗಸರು ಗುಣವಾದರು. ಇಂದು ಪ್ರತಿ ಗರ್ಭಿಣಿಗೂ ಕೊಡುವ ಫೋಲಿಕ್ ಆಸಿಡ್ ಮಾತ್ರೆಯ ಮೂಲ ಆ ಕೆಲಸದಲ್ಲಿದೆ. 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಬಿ12ನ ಕೆಂಪು ಹರಳುಗಳನ್ನು ಬೇರ್ಪಡಿಸಿದವು. ನಿಮ್ಮ ಸೂಜಿಯಲ್ಲಿ ಕಾಣುವ ಗುಲಾಬಿಗೆಂಪು ಬಣ್ಣ ಅದರದ್ದೇ, ನಾಳೆ ಗಮನಿಸಿ ನೋಡಿ.

ಹಾಗಾದರೆ ತೆರೆಯ ಮೇಲೆ ಮಿಲಿ ನರಳುವುದು ಯಾವ ಕಾಯಿಲೆಯಿಂದ? ನನ್ನ ಕಣ್ಣಿಗೆ ಅದು ಏಪ್ಲಾಸ್ಟಿಕ್ ಅನೀಮಿಯಾಕ್ಕೆ ಹತ್ತಿರ. ಅದರಲ್ಲಿ ಮೂಳೆಯೊಳಗಿನ ಮಜ್ಜೆಯೇ ಬರಿದಾಗುತ್ತದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಹರೆಯದವರನ್ನೂ ಹಿಡಿಯುತ್ತದೆ. 1975ರಲ್ಲಿ ಅದು ನಿಜಕ್ಕೂ ಭೀಕರ. ಆಗಷ್ಟೇ ಅಮೆರಿಕದ ಸಿಯಾಟಲ್‌ನಲ್ಲಿ ಡೊನಾಲ್ ಥಾಮಸ್ ತಂಡ ಅಸ್ಥಿಮಜ್ಜೆಯ ಕಸಿಯಿಂದ ಕೆಲವರನ್ನು ಉಳಿಸತೊಡಗಿತ್ತು. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಬ್ರೂನೊ ಸ್ಪೆಕ್ ಮತ್ತು ಸಂಗಡಿಗರು ಇದೇ ಏಪ್ಲಾಸ್ಟಿಕ್ ಅನೀಮಿಯಾಕ್ಕೆ ಕಸಿಯಿಲ್ಲದೆ, ಪ್ರತಿಕಾಯಗಳ ದ್ರಾವಣದಿಂದ ಚಿಕಿತ್ಸೆ ಮಾಡಿ ಅದರ ಫಲವನ್ನು ಪ್ರಕಟಿಸಿದ್ದು 1977ರಲ್ಲಿ, ಚಿತ್ರ ಬಂದ ಎರಡೇ ವರ್ಷಕ್ಕೆ. ಆ ಚಿಕಿತ್ಸೆಯ ಸುಧಾರಿತ ರೂಪವನ್ನು ಇಂದಿಗೂ ಕೊಡುತ್ತೇವೆ. ಅಂದರೆ ಕಾಯಿಲೆಯ ಹೆಸರು ತಪ್ಪಾಗಿದ್ದರೂ ವಿಮಾನ ಹೊರಟ ದಿಕ್ಕು ಸರಿಯಾಗಿತ್ತು. ಇದನ್ನು ಮೊದಲ ಬಾರಿ ಹೊಂದಿಸಿ ನೋಡಿದ ದಿನ ನನಗೆ ಆ ಹುಡುಗಿ ಬದುಕಿರಬಹುದು ಎನ್ನಿಸಿ ಬಹಳ ಸಂತೋಷವಾಗಿತ್ತು. ಸಿನಿಮಾದ ಪಾತ್ರಕ್ಕಾಗಿ ಒಬ್ಬ ವೈದ್ಯ ಹೀಗೆ ಸಂತೋಷಪಟ್ಟರೆ ತಪ್ಪೇನಿಲ್ಲ.

ಪ್ರೇಮಕಥೆಗಳು ರಕ್ತದ ಕಾಯಿಲೆಯನ್ನೇ ಮತ್ತೆ ಮತ್ತೆ ಆರಿಸಿಕೊಳ್ಳಲು ಕಾರಣವಿದೆ. ಮುಖ ಕೆಡುವುದಿಲ್ಲ. ಗಾಯ, ದುರ್ವಾಸನೆ, ವಾಂತಿ ತೋರಿಸಬೇಕಾಗಿಲ್ಲ. ನಾಯಕಿ ಬಿಳಿಚಿಕೊಂಡಷ್ಟೂ ಸುಂದರಿಯಾಗಿ ಕಾಣುತ್ತಾಳೆ. ನಿಜವಾದ ಪರ್ನಿಶಿಯಸ್ ಅನೀಮಿಯಾ ಹಾಗಿರುವುದಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ, ನೀವೇ ಅನುಭವಿಸಿದ್ದೀರಿ. ಖಾರ ಮುಟ್ಟಿಸಲಾಗದಷ್ಟು ಕೆಂಪಾಗಿ ನುಣುಪಾದ ನಾಲಿಗೆ. ಎರಡು ಮೆಟ್ಟಿಲು ಹತ್ತಿದರೆ ಎದೆಬಡಿತ. ಮರೆವು, ಸಿಡುಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸಿನಿಮಾದಲ್ಲೂ ತೋರಿಸದ ಆ ಅಂಗಾಲಿನ ಜುಮ್ಮು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಬಿ12 ಬೇಕಾಗಿರುವುದು ರಕ್ತಕ್ಕೆ ಮಾತ್ರವಲ್ಲ, ನರಗಳ ಹೊದಿಕೆಗೂ ಬೇಕು. ರಕ್ತ ಯಾವಾಗ ಬೇಕಾದರೂ ಮರಳಿ ತುಂಬುತ್ತದೆ. ನರಗಳು ಬಹಳ ದಿನ ಕಾಯುವುದಿಲ್ಲ. ‘ದೊಡ್ಡ ಊರಿಗೆ ಹೋಗುವವರೆಗೆ ಏನೂ ಬೇಡ’ ಎಂಬ ನಿಮ್ಮ ತಂದೆಯವರ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಪರೀಕ್ಷೆಗಳು ಮುಗಿದಿವೆ, ಕಾಯಿಲೆ ಗೊತ್ತಾಗಿದೆ, ಮದ್ದು ನಿಮ್ಮ ಊರಿನಲ್ಲೇ ಸಿಗುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಿದ್ದರೆ ಖಂಡಿತ ಪಡೆಯಿರಿ, ಮೊದಲ ಸೂಜಿ ಹಾಕಿಸಿಕೊಂಡು ಹೋಗಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುತ್ತದೆ, ಕತ್ತಲೆಯಲ್ಲಿ ಕಾಲು ಎಲ್ಲಿಟ್ಟೆನೆಂದೇ ತಿಳಿಯುವುದಿಲ್ಲ ಎಂದರು. ನರಗಳ ಪರೀಕ್ಷೆಗೆ ನಾವು ಶ್ರುತಿಕವೆಯಂಥ ಒಂದು ಉಕ್ಕಿನ ಕವಲು ಬಳಸುತ್ತೇವೆ. ಅದನ್ನು ಮೀಟಿ ಕಂಪಿಸುವಂತೆ ಮಾಡಿ ಅವರ ಕಾಲಿನ ಹೆಬ್ಬೆರಳಿಗೆ ಒತ್ತಿದೆ. ‘ಸದ್ದು ಕೇಳಿಸುತ್ತಿದೆ ಡಾಕ್ಟರ್, ಬೆರಳಿಗೆ ಏನೂ ಗೊತ್ತಾಗುತ್ತಿಲ್ಲ’ ಎಂದರು. ಪಾದದ ಗಂಟಿಗೆ ಒತ್ತಿದೆ, ಗೊತ್ತಾಗಲಿಲ್ಲ. ಮೊಣಕಾಲಿಗೆ ಒತ್ತಿದಾಗ ಅವರ ಮುಖ ಅರಳಿತು: ‘ಇಲ್ಲಿ ಗೊತ್ತಾಯಿತು.’ ಅವರಿಗೂ ನಿಮ್ಮದೇ ಕಾಯಿಲೆ. ಮದುವೆಗೆ ಮೊದಲೇ ಪತ್ತೆಯಾಗಿತ್ತು. ಗಂಡನ ಮನೆಯವರಿಗೆ ತಿಳಿಯಬಾರದೆಂದು ತವರಿಗೆ ಬಂದಾಗ ಮಾತ್ರ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ತವರಿಗೆ ಬರುವುದು ಕಡಿಮೆಯಾಯಿತು, ಸೂಜಿ ನಿಂತಿತು, ಮೂರು ವರ್ಷ ಕಳೆಯಿತು. ನಡುವೆ ಯಾರೋ ಸುಸ್ತಿಗೆಂದು ಫೋಲಿಕ್ ಆಸಿಡ್ ಮಾತ್ರೆ ಕೊಟ್ಟಿದ್ದರು. ಅದು ಹಿಮೋಗ್ಲೋಬಿನ್ ಬೀಳದಂತೆ ಸ್ವಲ್ಪಮಟ್ಟಿಗೆ ಹಿಡಿದಿಟ್ಟಿತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಒಳಗೆ ಬೆನ್ನುಹುರಿ ಸವೆಯುತ್ತಲೇ ಇತ್ತು. ಚಿಕಿತ್ಸೆಯಿಂದ ಅವರು ಗೋಡೆ ಬಿಟ್ಟು ನಡೆಯುವಂತಾದರು, ಆದರೆ ಕತ್ತಲೆಯಲ್ಲಿ ಇಂದಿಗೂ ಕೈಹಿಡಿಯಲು ಒಬ್ಬರು ಬೇಕು. ಆ ಕಾಲುಗಳನ್ನು ಕೆಡಿಸಿದ್ದು ಗುಟ್ಟು. ಫೋಲಿಕ್ ಆಸಿಡ್ ನಿಮಗೂ ಮುಂದೆ ಬೇಕಾಗಬಹುದು, ಆದರೆ ಬಿ12 ಇಲ್ಲದೆ ಅದೊಂದನ್ನೇ ಎಂದೂ ತೆಗೆದುಕೊಳ್ಳಬೇಡಿ.

ಚಿಕಿತ್ಸೆಯ ವಿವರಕ್ಕೆ ಬರುತ್ತೇನೆ. ಸಾಮಾನ್ಯವಾಗಿ 1000 ಮೈಕ್ರೋಗ್ರಾಂ ಸೂಜಿಯನ್ನು ಮೊದಲ ಕೆಲವು ವಾರ ಪದೇಪದೇ ಕೊಟ್ಟು, ಆಮೇಲೆ ತಿಂಗಳಿಗೊಮ್ಮೆ ಅಥವಾ ಎರಡು ಮೂರು ತಿಂಗಳಿಗೊಮ್ಮೆ ಮುಂದುವರಿಸುತ್ತಾರೆ. ಯಾವ ಬಗೆಯ ಬಿ12 ಎನ್ನುವುದರ ಮೇಲೆ ಅಂತರ ಬದಲಾಗುತ್ತದೆ. ಜುಮ್ಮು ಇರುವವರಿಗೆ ಮೊದಲ ಹಂತ ಸ್ವಲ್ಪ ಉದ್ದ. ಹೆಚ್ಚು ಪ್ರಮಾಣದ ಮಾತ್ರೆಯೂ ಕೆಲಸ ಮಾಡುತ್ತದೆ, ಏಕೆಂದರೆ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಯಾರ ನೆರವೂ ಇಲ್ಲದೆ ತಾನಾಗಿಯೇ ಒಳಸೇರುತ್ತದೆ. ಆದರೆ ನಿಮ್ಮ ಹಿಮೋಗ್ಲೋಬಿನ್ ಇಷ್ಟು ಕೆಳಗಿರುವಾಗ, ನರಗಳ ಲಕ್ಷಣವೂ ಇರುವಾಗ ಸೂಜಿಯೇ ಸರಿ. ಮೊದಲ ವಾರದಲ್ಲಿ ಮಜ್ಜೆ ಭರದಿಂದ ಕೆಲಸ ಮಾಡುವಾಗ ರಕ್ತದ ಪೊಟ್ಯಾಸಿಯಂ ಇಳಿಯಬಹುದು, ಅದನ್ನು ನೋಡಿಕೊಳ್ಳುವಂತೆ ವೈದ್ಯರಿಗೆ ನೆನಪಿಸಿ. ಜುಮ್ಮು ಹೋಗಲು ತಿಂಗಳುಗಳು ಬೇಕಾಗಬಹುದು, ಮೊದಮೊದಲು ಸ್ವಲ್ಪ ಹೆಚ್ಚಾದಂತೆಯೂ ಅನಿಸಬಹುದು. ಅದಕ್ಕೆ ಹೆದರಿ ನಿಲ್ಲಿಸಬೇಡಿ. ಈ ಕಾಯಿಲೆಯ ಜೊತೆ ಥೈರಾಯ್ಡ್ ತೊಂದರೆಯೂ ಕಬ್ಬಿಣದ ಕೊರತೆಯೂ ಬರುವುದುಂಟು, ಆ ಪರೀಕ್ಷೆಗಳನ್ನೂ ಮಾಡಿಸಿ. ಜಠರದ ಒಳಪದರ ತೆಳ್ಳಗಾಗಿರುವುದರಿಂದ ಮುಂದೆ ಯಾವಾಗ ಮತ್ತೆ ಎಂಡೋಸ್ಕೋಪಿ ಬೇಕು ಎಂದು ಕೇಳಿಟ್ಟುಕೊಳ್ಳಿ. ಯಾವುದಾದರೂ ಶಸ್ತ್ರಚಿಕಿತ್ಸೆಯೋ ಹಲ್ಲಿನ ಚಿಕಿತ್ಸೆಯೋ ನಡೆಯುವುದಾದರೆ ಅರಿವಳಿಕೆ ಕೊಡುವವರಿಗೆ ಈ ಕಾಯಿಲೆಯ ವಿಷಯ ತಪ್ಪದೆ ಹೇಳಿ. ನೈಟ್ರಸ್ ಆಕ್ಸೈಡ್ ಎಂಬ ಅನಿಲ ದೇಹದಲ್ಲಿರುವ ಬಿ12 ಅನ್ನು ನಿಷ್ಕ್ರಿಯಗೊಳಿಸುತ್ತದೆ.

ಗರ್ಭ ಧರಿಸುವ ಮೊದಲು ಬಿ12 ಮಟ್ಟ ತುಂಬಿರಬೇಕು. ಕೊರತೆ ಇದ್ದರೆ ಗರ್ಭ ನಿಲ್ಲುವುದೂ ಕಷ್ಟವಾಗಬಹುದು, ಎದೆಹಾಲು ಕುಡಿಯುವ ಮಗುವಿನ ಬೆಳವಣಿಗೆಯೂ ಕುಂಠಿತವಾಗಬಹುದು. ಮದುವೆಗೆ ನಾಲ್ಕು ತಿಂಗಳಿದೆ ಎಂದಿರಿ. ನಾಳೆ ಶುರು ಮಾಡಿದರೆ ಧಾರೆಯ ಹೊತ್ತಿಗೆ ನಿಮ್ಮ ರಕ್ತದಲ್ಲಿ ಯಾವ ಕೊರತೆಯೂ ಉಳಿದಿರುವುದಿಲ್ಲ. ಇದು ಸೋಂಕಲ್ಲ, ಗಂಡನಿಗೆ ಹರಡುವುದಿಲ್ಲ. ರಕ್ತಸಂಬಂಧಿಗಳಲ್ಲಿ ಬರುವ ಸಂಭವ ಸ್ವಲ್ಪ ಹೆಚ್ಚು. ಒಡಹುಟ್ಟಿದವರಲ್ಲಿ ಯಾರಿಗಾದರೂ ಸುಸ್ತು, ಜುಮ್ಮು ಇದ್ದರೆ ಪರೀಕ್ಷೆ ಮಾಡಿಸಲಿ.

ಇನ್ನು ಹುಡುಗನಿಗೆ ಹೇಳುವ ಪ್ರಶ್ನೆ. ಹೇಳಿ, ಮತ್ತು ನೀವೇ ಹೇಳಿ. ಕಾಯಿಲೆಯ ಪ್ರೇಮಚಿತ್ರಗಳು ನಮಗೆ ಕಲಿಸಿದ ಒಂದು ಕೆಟ್ಟ ಅಭ್ಯಾಸ ಮುಚ್ಚಿಡುವುದು. 1970ರ ‘ಲವ್ ಸ್ಟೋರಿ’ ಎಂಬ ಅಮೆರಿಕನ್ ಚಿತ್ರದಲ್ಲಿ ಹೆಂಡತಿಗೆ ಸಾವು ಸಮೀಪಿಸಿದೆ ಎಂದು ವೈದ್ಯ ಮೊದಲು ಗಂಡನಿಗೆ ಹೇಳುತ್ತಾನೆ, ಅವಳಿಗಲ್ಲ. ಅದು ಕಥೆಗಾರನ ಕಲ್ಪನೆಯೇನಲ್ಲ, ಆ ಕಾಲದ ಪದ್ಧತಿ. 1961ರಲ್ಲಿ ಅಮೆರಿಕದ ವೈದ್ಯರನ್ನು ಕೇಳಿದಾಗ ಶೇಕಡ 90ರಷ್ಟು ಮಂದಿ ಕ್ಯಾನ್ಸರ್ ಇದೆ ಎಂದು ರೋಗಿಗೆ ಹೇಳದಿರುವುದೇ ಮೇಲು ಎಂದಿದ್ದರು. 1979ರಲ್ಲಿ ಅದೇ ಪ್ರಶ್ನೆ ಕೇಳಿದಾಗ ಶೇಕಡ 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟು ವರ್ಷಗಳಲ್ಲಿ ಒಂದು ವೃತ್ತಿಯೇ ತಿರುಗಿ ನಿಂತಿತು. ಅಷ್ಟರಲ್ಲಿ ಚಿಕಿತ್ಸೆಗಳು ಬಂದಿದ್ದವು. ಬದುಕುವ ದಾರಿಯಿದ್ದಾಗ ರೋಗಿಗೆ ಹೇಳದೆ ಆ ದಾರಿಯಲ್ಲಿ ನಡೆಸಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಹೆಣ್ಣುಮಗಳ ಕಾಯಿಲೆ ಎಂದರೆ ಬೀರುವಿನಲ್ಲಿಟ್ಟು ಬೀಗ ಹಾಕುವ ಸಂಗತಿ. ನಿಮ್ಮ ತಂದೆ ಹಾಗೆ ಹೇಳಿದ್ದು ನಿಮ್ಮ ಮೇಲಿನ ಮಮತೆಯಿಂದ ಎಂದು ನನಗೆ ಗೊತ್ತು. ಆದರೆ ಜೀವನಪೂರ್ತಿ ಬೇಕಾದ ಸೂಜಿಯನ್ನು ಜೀವನಪೂರ್ತಿ ಬಚ್ಚಿಡಲಾಗುವುದಿಲ್ಲ. ಬಚ್ಚಿಟ್ಟರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ.

ಹೇಳುವಾಗ ‘ಪರ್ನಿಶಿಯಸ್’ ಎಂಬ ಪದದಿಂದ ಶುರು ಮಾಡಬೇಡಿ. ‘ನನ್ನ ಹೊಟ್ಟೆಗೆ ಒಂದು ವಿಟಮಿನ್ ಹೀರಿಕೊಳ್ಳಲು ಆಗುವುದಿಲ್ಲ. ಅದಕ್ಕೆ ತಿಂಗಳಿಗೊಂದು ಸೂಜಿ ಹಾಕಿಸಿಕೊಳ್ಳುತ್ತೇನೆ, ಜೀವಮಾನವಿಡೀ. ಹಾಕಿಸಿಕೊಂಡರೆ ನಾನು ಎಲ್ಲರ ಹಾಗೆ.’ ಇಷ್ಟು ಸಾಕು, ಇಷ್ಟೂ ನಿಜ. ಬೇಕಿದ್ದರೆ ಅವರನ್ನು ನಿಮ್ಮ ವೈದ್ಯರ ಬಳಿಗೇ ಕರೆದುಕೊಂಡು ಹೋಗಿ. ಬಂದು ಕುಳಿತು ಪ್ರಶ್ನೆ ಕೇಳುವ ಹುಡುಗನಾದರೆ ನನಗೆ ಬಹಳ ಸಂತೋಷ. ಹಿಂದೆ ಸರಿದರೆ ಈಗ ನೋವಾಗುತ್ತದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ತಿಂಗಳಿಗೊಂದು ಸೂಜಿಗೆ ಹೆದರಿದವನು ಮುಂದೆ ಹೆರಿಗೆಯ ಕೋಣೆಯ ಹೊರಗೆ ನಿಮಗಾಗಿ ಕಾದು ನಿಲ್ಲುತ್ತಿದ್ದನೆಂದು ನನಗೆ ನಂಬಿಕೆಯಿಲ್ಲ. ‘ಮಿಲಿ’ ಚಿತ್ರದಲ್ಲಿ ವೈದ್ಯಕೀಯ ತಪ್ಪಿದ್ದರೂ ಶೇಖರನ ವಿಷಯದಲ್ಲಿ ಅದು ತಪ್ಪಲಿಲ್ಲ. ಎಲ್ಲ ತಿಳಿದ ಮೇಲೆಯೇ ಅವನು ಅವಳ ಕೈಹಿಡಿಯಲು ಮುಂದಾಗುತ್ತಾನೆ.

ಕೊನೆಯದಾಗಿ ನಿಮ್ಮ ತಂದೆಯವರಿಗೆ. ಹುಡುಗನಾಗಿದ್ದಾಗ ನೀವು ಆ ಚಿತ್ರವನ್ನು ಶೇಖರನ ಜಾಗದಲ್ಲಿ ಕುಳಿತು ನೋಡಿದ್ದಿರಬಹುದು. ಈಗ ನಿಮ್ಮ ಮನಸ್ಸಿನಲ್ಲಿ ಓಡುತ್ತಿರುವ ಚಿತ್ರದಲ್ಲಿ ನೀವು ಮಗಳನ್ನು ಕಳಿಸಿಕೊಡುವ ಅಶೋಕ್ ಕುಮಾರ್, ಅಂದರೆ ಮಿಲಿಯ ತಂದೆ ಆಗಿದ್ದೀರಿ. ಆ ಜಾಗದಲ್ಲಿ ನಿಂತ ಯಾವ ತಂದೆಗೂ ಊಟ ಸೇರುವುದಿಲ್ಲ. ಆದರೆ ನಿಮ್ಮ ಮಗಳ ವರದಿಯಲ್ಲಿರುವುದು ಆ ಕಥೆಯಲ್ಲ. ನನ್ನ ಮಾತನ್ನು ನಂಬಬೇಕಾಗಿಯೂ ಇಲ್ಲ, ನೀವೇ ಕಣ್ಣಾರೆ ನೋಡಬಹುದು. ಮೊದಲ ಸೂಜಿಯಾದ ಏಳನೆಯ ದಿನ ಮಗಳ ಜೊತೆ ಪ್ರಯೋಗಾಲಯಕ್ಕೆ ಹೋಗಿ. ರೆಟಿಕ್ಯುಲೊಸೈಟ್ ಎಂಬ ಎಳೆಯ ರಕ್ತಕಣಗಳ ಎಣಿಕೆ ಮಾಡಿಸಿ, ಸೂಜಿಗೆ ಮೊದಲಿನ ಎಣಿಕೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ತಂತ್ರಜ್ಞರು ಒಪ್ಪಿದರೆ ಸೂಕ್ಷ್ಮದರ್ಶಕಕ್ಕೂ ಒಮ್ಮೆ ಕಣ್ಣಿಡಿ. ಚಿಕಿತ್ಸೆಗೆ ಮೊದಲಿನ ಗಾಜುಪಟ್ಟಿಯಲ್ಲಿ ಕೆಂಪು ಕಣಗಳು ಕಡಿಮೆ, ಇದ್ದವೂ ಊದಿಕೊಂಡು ಮೊಟ್ಟೆಯಾಕಾರವಾಗಿರುತ್ತವೆ. ಬಿಳಿ ಕಣಗಳ ನಡುವಿನ ಬೀಜ ಮೂರು ನಾಲ್ಕು ಹಾಲೆಗಳಾಗಿ ಇರಬೇಕಾದದ್ದು ಮಲ್ಲಿಗೆ ದಂಡೆಯ ಗಂಟುಗಳ ಹಾಗೆ ಆರೇಳಾಗಿ ಒಡೆದಿರುತ್ತದೆ. ಏಳನೆಯ ದಿನದ ಗಾಜುಪಟ್ಟಿಯಲ್ಲಿ ವಿಶೇಷ ಬಣ್ಣ ಹಾಕಿದಾಗ ಮೈಯಲ್ಲಿ ನೀಲಿ ಜಾಲ ಹೊತ್ತ ಹೊಸ ಕಣಗಳು ಕಾಣುತ್ತವೆ. ಅವು ಈ ವಾರ ನಿಮ್ಮ ಮಗಳ ಮೂಳೆಯೊಳಗೆ ಹುಟ್ಟಿದ ಕಣಗಳು. ಅವುಗಳನ್ನು ನೋಡಿ ಮನೆಗೆ ಹೋಗಿ, ಮಗಳ ಜೊತೆ ಕುಳಿತು ಊಟ ಮಾಡಿ.